ಇಪ್ಪತ್ತಮೂರನೆಯ ಅಳಿವೆ

ನದಿಯ ಮೂಲ ಕೆದಕಬಾರದು ಎನ್ನುತ್ತಾರೆ.
ಕೊನೆಯ ಬಗ್ಗೆ ಯಾರೂ ಏನೂ ಹೇಳಿದಂತಿಲ್ಲ.

ಗಲೀಸಿಯದ ಒಂದು ಖಾರಿಯ ದಂಡೆ,
ಚಿಪ್ಪು ಹೆಕ್ಕುವವರ ಸಂಘದ ಕಚೇರಿ.
ಸದ್ದು ಜಾಸ್ತಿ, ಓಟ ಕಮ್ಮಿಯ ಕಂಪ್ಯೂಟರಿನೆದುರು
ಉಶೀಯ ಕೂತಿದ್ದಾಳೆ, ಒದ್ದೆ ಕೋಟು ಬಿಚ್ಚದೆ.

ಕಡಲ ಜೀವಕ್ಕೆ ಸಿಹಿನೀರೇ ವಿಷ.
ಮಳೆ ಹೆಚ್ಚಿದರೆ ಉಪ್ಪು ತೆಳುವಾಗುತ್ತದೆ;
ಮರುವಾಯಿ ಮೂರು ದಿನ ಬಾಯಿ ಬಿಗಿಹಿಡಿದು
ನಾಲ್ಕನೆಯ ದಿನ, ಇನ್ನಾಗದು ಎಂದು ತೆರೆದು,
ಸಾಯುತ್ತದೆ. ಈ ಚಳಿಗಾಲ ಅರ್ಧಕ್ಕರ್ಧ ಸತ್ತವು.
ಯಾವ ತೊರೆ ಎಲ್ಲಿ ಕಡಲಿಗೆ ಬೀಳುತ್ತದೆ,
ಅಕ್ಷಾಂಶ ರೇಖಾಂಶ ಸಮೇತ ಪಟ್ಟಿ ಕೊಡಿ,
ಪರಿಹಾರ ಆಮೇಲೆ ನೋಡೋಣ, ಎಂದಿದೆ ಇಲಾಖೆ.

ತಂತ್ರಾಂಶಕ್ಕೆ ಕಾಸಿಲ್ಲ. ಯಾರೋ ಎಲ್ಲೋ ಕೂತು
ಬರೆದು, ತಿದ್ದಿ, ಊರಬಾವಿಯಂತೆ ತೆರೆದಿಟ್ಟದ್ದು.
ಅದಕ್ಕೆ ಬೆಟ್ಟಗಳ ಎತ್ತರ ಉಣಿಸುತ್ತಾಳೆ,
ಐದು ಮೀಟರಿಗೊಂದು ಚೌಕ.
ಪ್ರತಿ ಚೌಕವೂ ಸುತ್ತಲ ಎಂಟು ಮಂದಿಯನ್ನು ಕೇಳುತ್ತದೆ:
ನನಗಿಂತ ತಗ್ಗಿನವರು ಯಾರಪ್ಪ ಇಲ್ಲಿ?
ಓಗೊಟ್ಟವರಿಗೆ ತನ್ನಲ್ಲಿದ್ದುದನ್ನೆಲ್ಲ ದಾಟಿಸುತ್ತದೆ.
ಒಂದು, ಏಳು, ನಾನೂರು, ಎಪ್ಪತ್ತು ಸಾವಿರ...
ಹನಿ ನೀರಿಲ್ಲದೆ ತೊರೆ ಹುಟ್ಟುವುದು ಹೀಗೆ.
ಕಟ್ಟಕಡೆಗೊಂದು ಚೌಕದಲ್ಲಿ
ಅಂಕಿಯ ಮುಂದೆ ಋಣಚಿಹ್ನೆ:
ಇಲ್ಲಿಂದಾಚೆ ನನ್ನ ಲೆಕ್ಕವಲ್ಲ.
ಅದೇ ಅಳಿವೆ.

(ಬರೆಯುವಾಗ ಕೈ ಜಾರಿದರೆ
ಅಳಿವು. ಎರಡು ಸಲ ಹೊಡೆದು ತಿದ್ದಿದ್ದೇನೆ.)

ನಲವತ್ತೊಂದು ಚುಕ್ಕಿ ಬಿದ್ದವು.
ಇಪ್ಪತ್ತಮೂರನೆಯದು ಮಾತ್ರ ಕಡಲಿಗೆ ಬರಲೇ ಇಲ್ಲ.
ಡಬ್ಬಿಮೀನಿನ ಹಳೆ ಕಾರ್ಖಾನೆಯ ಹಿಂದೆ
ರಸ್ತೆಯ ಏರಿಗೆ ತಲೆ ಕೊಟ್ಟು, ಹೊಂಡವಾಗಿ ತುಂಬಿ,
ಪಕ್ಕದ ತೊರೆಯೊಳಕ್ಕೆ ನುಸುಳಿಕೊಂಡಿದೆ.
ಮೇಲಿನಿಂದ ಅಳೆದವರಿಗೆ ಸೇತುವೆಯೂ ಗೋಡೆಯೇ.

ಬಕೆಟ್ಟು ಬೋರಲು ಹಾಕಿ ಕೂತಿದ್ದ ಎವ್ದೋಸಿಯ,
ಎಪ್ಪತ್ತನಾಲ್ಕರ ಮುದುಕಿ, ಪರದೆ ನೋಡಿ ನಕ್ಕಳು.
"ಅದು ನಾವು ಬಟ್ಟೆ ಒಗೆಯುತ್ತಿದ್ದ ತೊರೆ ಕಣೇ.
ಕಾರ್ಖಾನೆ ಎದ್ದಾಗ ಕೊಳವೆಗೆ ತುರುಕಿದರು.
ಹೆಸರಾ? ತೊರೆ, ಅಷ್ಟೆ.
ನಮಗೆ ಎರಡಿದ್ದರೆ ತಾನೆ ಹೆಸರಿಡೋದು?"

ಇಳಿತದ ಹೊತ್ತಿಗೆ ಇಬ್ಬರೂ ಕೆಸರಿಗಿಳಿದರು.
ಮುದುಕಿ ಬಗ್ಗಿ, ಬೆರಳದ್ದಿ, ನೆಕ್ಕಿ,
ನಾಲ್ಕು ಹೆಜ್ಜೆ ಹೋಗಿ ಮತ್ತೆ ನೆಕ್ಕಿ:
ಉಪ್ಪು. ಉಪ್ಪು. ಸಪ್ಪೆ.
"ಸಿಹಿ," ಎಂದಳು ಕೊನೆಗೆ,
ಸಾವಿನ ಮನೆಯ ದನಿಯಲ್ಲಿ.
ಪಾಚಿ ಸರಿಸಿದರೆ ಕೊಳವೆಯ ಬಾಯಿ,
ಸುತ್ತ ಹರಡಿದಂತೆ ನೂರಾರು ತೆರೆದ ಚಿಪ್ಪು.

ಉಶೀಯ ಫೋನು ಎತ್ತಿ ಹಿಡಿದಳು.
ದಶಮಾಂಶದ ಆರನೆಯ ಅಂಕಿ ನಿಲ್ಲಲೊಲ್ಲದು.
"ನಿಂತ ಜಾಗ ಹೇಳೋಕೆ ಇಷ್ಟು ಹೊತ್ತಾ ಅದಕ್ಕೆ?"

ಮರಳಿ ಬಂದು, ನಕ್ಷೆಯಲ್ಲಿ ರಸ್ತೆಯನ್ನು ಸೀಳಿ
ಒಂದೇ ಚೌಕದಗಲದ ತೋಡು ತೆಗೆದಳು.
ಮತ್ತೆ ಓಡಿಸಿದಾಗ ತೊರೆ ಏನೂ ಆಗದವರಂತೆ
ನೆಟ್ಟಗೆ ಕಡಲಿಗೆ ಹೋಯಿತು.
ಲೆಕ್ಕದ ಅಳಿವೆಗೂ ನೆಕ್ಕಿದ ಅಳಿವೆಗೂ
ಹತ್ತೊಂಬತ್ತು ಮೀಟರು ಅಂತರ.
ನೆಕ್ಕಿದ್ದನ್ನೇ ಉಳಿಸಿಕೊಂಡಳು.

'ಅಳೆದ ವಿಧಾನ' ಎಂಬ ಕಲಮಿನಲ್ಲಿ
ಎವ್ದೋಸಿಯಳ ನಾಲಿಗೆ, ಎಂದು ಬರೆದಳು.
ಅಷ್ಟುದ್ದ ಹಿಡಿಸಲಿಲ್ಲ.
ನಾಲಿಗೆ, ಎಂದಷ್ಟೇ ಉಳಿಯಿತು.
ಉಳಿಸುವ ಗುಂಡಿ ಒತ್ತುವ ವೇಳೆಗೆ ಭರತ ಏರಿ
ಇಪ್ಪತ್ತಮೂರು ನೀರೊಳಗಿತ್ತು.