ನೀಲಿ ಬಿಲ್ಲೆ

ಪೋರ್ತೊ ಊರಿನ ಏರುದಾರಿಯಲ್ಲಿ ಇದು ಮೂರನೆಯ ಚರ್ಚು.
ಮೊದಲೆರಡರಲ್ಲಿ ಚಿನ್ನ ನೋಡಿ ನೋಡಿ
ಕಣ್ಣಿಗೆ ಜಿಡ್ಡು ಹತ್ತಿದಂತಾಗಿತ್ತು.

ಇಲ್ಲಿ ಬೀಗ. ಎದುರುಮನೆಯ ಎರ್ಮೆಲಿಂಡಾ
ಮೀನು ಉಜ್ಜುತ್ತಿದ್ದ ಕೈ ಒರೆಸಿಕೊಂಡು
ಗೇಣುದ್ದದ ಕೀಲಿ ತಂದಳು.
"ಹತ್ತೇ ನಿಮಿಷ, ಒಲೆ ಮೇಲೆ ಸಾರಿದೆ."

ಒಳಗೆ ಗೋಡೆಗೋಡೆಯೂ ನೀಲಿ.
ಅಂಗೈಯಗಲದ ಬಿಲ್ಲೆಗಳು ಕೂಡಿ ಕಡಲು,
ಕಡಲಲ್ಲಿ ದೋಣಿ, ದೋಣಿಯಲ್ಲಿ ಸಂತ,
ಅಲೆಗೆ ಅಂಜಿ ಹುಟ್ಟು ಕೈಬಿಟ್ಟ ಬೆಸ್ತರು.
ನಾನು ಕತ್ತೆತ್ತಿ ಕಮಾನು ಎಣಿಸಿದೆ,
ಓದಿಕೊಂಡು ಬಂದ ಇಸವಿಗಳನ್ನು ಒಪ್ಪಿಸಿದೆ.

ಅವಳು ಕೇಳಿಸಿಕೊಳ್ಳಲಿಲ್ಲ. ತೋಳು ಹಿಡಿದು
ಮೂಲೆಗೆ ಎಳೆದೊಯ್ದು ತೋರಿಸಿದಳು:
ನಡುಗಡಲಲ್ಲಿ, ಅಲೆಗೂ ಅಲೆಗೂ ನಡುವೆ
ಒಂದು ಕಿವಿ.

ಗೋಡೆ ಉಬ್ಬಿ ಬಿಲ್ಲೆಗಳು ಉದುರಿದ ವರ್ಷ
ಮತ್ತೆ ಕೂರಿಸಿದವನು ಅವಳಜ್ಜ.
ಕುಡಿದಿದ್ದ, ಎಂದರಂತೆ ಪಾದ್ರಿ.
ಕಣ್ಣು ಮಂಜಾಗಿತ್ತು, ಎಂದಳಂತೆ ಅಜ್ಜಿ.
ಸಂತನ ಕೆನ್ನೆಯ ಪಕ್ಕ ನೋಡಿದೆ. ಹೌದು,
ಕಿವಿಯಿರಬೇಕಾದಲ್ಲಿ
ಚಚ್ಚೌಕ ನೀರು.

"ಸರಿಮಾಡುತ್ತೇವೆಂದು ಲಿಸ್ಬನ್ನಿನಿಂದ ಬಂದಿದ್ದರು, ಎರಡು ಸಲ.
ಕೀಲಿ ಕಳೆದಿದೆ ಅಂದೆ."

ನಗಲಿಲ್ಲ ಅವಳು. ಸೆರಗಿಲ್ಲದ ಬಟ್ಟೆಯ ತುದಿಗೆ ಉಗುಳು ಹಚ್ಚಿ
ಕಿವಿಯ ಧೂಳು ಒರೆಸಿ,
ಬಗ್ಗಿ, ಅದರೊಳಗೆ ಏನೋ ಹೇಳಿದಳು
ತಗ್ಗಿದ ದನಿಯಲ್ಲಿ, ಬೇಗ ಬೇಗ,
ಸಂತೆಗೆ ಹೊರಟವರಿಗೆ
ತರಬೇಕಾದ್ದನ್ನು ನೆನಪಿಸುವ ಹಾಗೆ.

ನಾನು ಕಮಾನಿನ ಕಡೆ ತಿರುಗಿ ನಿಂತೆ.
ಎಷ್ಟಿದ್ದವೋ, ಲೆಕ್ಕ ತಪ್ಪಿತ್ತು.

ಹೊರಗೆ ಬಂದಾಗ
ಬೀದಿ ತುಂಬ ಸಾರು ಸೀದ ವಾಸನೆ.