ಬಿರುಕು ಯಾವ ಕಡೆಗೆ

ಕೋಲಾರದ ಅರ್ಧ ಊರನ್ನು ನಮ್ಮಪ್ಪ
ಕೆಳಗಿನಿಂದ ಬಲ್ಲ.
ಯಾರ ಮನೆಯ ಟೈಲ್ಸು ಯಾವ ಬಣ್ಣವೋ ತಿಳಿಯದು,
ಗೃಹಪ್ರವೇಶದ ದಿನ ಗಾರೆ ಯಾಕೋಬಪ್ಪನಿಗೆ
ಹೊಸ್ತಿಲಾಚೆಯೇ ಊಟದೆಲೆ.
ಆದರೆ ಆ ಹೊಸ್ತಿಲ ಕೆಳಗೆ ಎಷ್ಟು ಅಡಿ ತೋಡಿದ್ದು,
ಎಷ್ಟು ಲೋಡು ಟೇಕಲ್ ಕಲ್ಲು ನುಂಗಿತು ಮಣ್ಣು,
ಮೇಸ್ತ್ರಿ ಎಲ್ಲಿ ಸಿಮೆಂಟು ಉಳಿಸಿ ಮಾರಿಕೊಂಡ,
ಎಲ್ಲ ಬಾಯಿಪಾಠ.

ಕಲ್ಲು ತುಂಬುವ ಮೊದಲು ಗುಂಡಿಗಿಳಿದು
ಎದೆಮಟ್ಟ ಮಣ್ಣಲ್ಲಿ ಸುಮ್ಮನೆ ನಿಲ್ಲುತ್ತಿದ್ದ ಒಂದು ಗಳಿಗೆ.
ಬುತ್ತಿ ಹಿಡಿದು ಮೇಲೆ ನಿಂತ ನನಗೆ
ಕಾಣುತ್ತಿದ್ದುದು ತಲೆಗೆ ಸುತ್ತಿದ ಟವೆಲ್ಲು.
"ಏನಪ್ಪಾ ಅಲ್ಲಿ?"
"ಏನಿಲ್ಲ, ಯಜಮಾನನ್ನ ಮಾತಾಡಿಸ್ತಿದ್ದೆ."

ಅವನ ಸ್ವಾಮಿ ಮೇಲೆ ಕೂತವನಲ್ಲ.
ಪಾದ ತೊಳೆಯಲು ಬಗ್ಗಿದವನು, ಬಗ್ಗಿದವನು ಏಳದೆ
ಇನ್ನೂ ಕೆಳಗಿಳಿದು ಪಾದದಡಿಗೇ ಹೋಗಿ ಮಲಗಿದವನು,
ಎಲ್ಲರ ಭಾರಕ್ಕೂ ಬೆನ್ನು ಕೊಟ್ಟು.
"ಪಾಯ ಅಂದ್ರೆ ಅದೇ ಕಣಮ್ಮ.
ತುಳಿಸಿಕೊಳ್ಳೋದು, ಕಾಣಿಸಿಕೊಳ್ಳದೆ ಇರೋದು.
ನಮ್ಮನ್ನ ಕೆಳಗಿಟ್ರು ಅಂತ ಅಳಬೇಡ,
ಕೆಳಗೆ ಹೋಗಿ ನೋಡಿದೀನಿ, ಅಲ್ಲಿ ಅವನಿದಾನೆ."
ನಂಬಿದೆ. ಹನ್ನೊಂದು ವರ್ಷ ನನಗೆ, ಹಸಿವು ಬೇರೆ,
ಅಪ್ಪ ಹೇಳಿದ್ದೆಲ್ಲ ನಂಬುವ ವಯಸ್ಸು.

ಆಮೇಲೆ ಅಣ್ಣ ಜಯಕರ ಸಾರುವೆಯಿಂದ ಬಿದ್ದ.
ಮೂರನೇ ಅಂತಸ್ತು. ಯಾರದೋ ಕಲ್ಯಾಣ ಮಂಟಪ.
ಕೆಳಗೇ ಇದ್ದವನಲ್ಲವೇ, ಕೈ ಚಾಚಬಹುದಿತ್ತಲ್ಲ?
ಅಮ್ಮ ಆ ಭಾನುವಾರದಿಂದ ದೇವಾಲಯದ ಮೆಟ್ಟಿಲು ತುಳಿಯಲಿಲ್ಲ.
ಸಭಾಪಾಲಕರು ಬಂದರು,
ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ, ದೇವರ ಚಿತ್ತ ಎಂದರು.
ಅಮ್ಮ ಅಕ್ಕಿ ಆರಿಸುತ್ತಲೇ ಇದ್ದಳು.

ಎಂಟನೇ ದಿನ ಅಪ್ಪ ಕರಣೆ ತೊಳೆದು
ಕೆರೆಯಂಗಳದ ಲೇಔಟಿಗೆ ಕೆಲಸಕ್ಕೆ ಹೋದ.
ಸಂಜೆ ನಮ್ಮ ಗೋಡೆಯ ಬಿರುಕಿನ ಮುಂದೆ ಕೂತು
ಬೆರಳಾಡಿಸುತ್ತ ಹೇಳಿದ, ಯಾರಿಗೆ ಹೇಳಿದನೋ:
"ನೆಟ್ಟಗೆ ಇಳಿದಿದ್ರೆ ಗಿಲಾವು ಒಣಗಿದೆ, ಅಷ್ಟೆ.
ಮೆಟ್ಟಿಲು ಮೆಟ್ಟಿಲಾಗಿ ಓರೆ ಹೋದ್ರೆ ಪಾಯ ಕುಸಿದಿದೆ.
ನಿಮ್ಮಮ್ಮಂದು ನೆಟ್ಟಗಿದೆ. ಬಿಡು, ಕೆದಕಬೇಡ."
"ನಿಂದು?"
ರಸಮಟ್ಟ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದ.
ಗುಳ್ಳೆ ಅತ್ತಿತ್ತ ಓಡಾಡಿತು, ನಿಲ್ಲಲೇ ಇಲ್ಲ.
ಅವನ ಕೈ ನಡುಗುತ್ತಿತ್ತು.

ಈಗ ನನ್ನ ಮನೆಗೆ ಪಾಯ ತೋಡಿದ್ದಾರೆ,
ಅಂತರಗಂಗೆ ಬೆಟ್ಟದ ಬದಿಗೆ, ಮೂವತ್ತು ಇಪ್ಪತ್ತರ ಸೈಟು,
ಸಾಲದ ಎರಡನೇ ಕಂತು ಇನ್ನೂ ಬಂದಿಲ್ಲ.
ನಾಲ್ಕಡಿಗೇ ಬಂಡೆ ಸಿಕ್ಕಿತು. ನಿಮ್ಮ ಅದೃಷ್ಟ ಎಂದ ಮೇಸ್ತ್ರಿ.
ಅಪ್ಪನಿಗೆ ಕಣ್ಣು ಮಂಜು. ತೋಳು ಹಿಡಿದು ಇಳಿಸಿದರು ಆಳುಗಳು.
ಚಪ್ಪಲಿ ಬಿಟ್ಟು, ಅಂಗಾಲಲ್ಲಿ ಬಂಡೆಯನ್ನು ತಡವಿದ,
ಎಳೆಗೂಸಿನ ನೆತ್ತಿ ಮುಟ್ಟುವವರ ಹಾಗೆ, ಭಾರ ಬಿಡದೆ.
ಆಮೇಲೆ ಬಿಟ್ಟ. ಪೂರ್ತಿ.

ನನ್ನ ಬಿರುಕು ಯಾವ ಕಡೆಗೆ ಹೋಗಿದೆಯೋ
ನಾನಿನ್ನೂ ದೀಪ ಹಿಡಿದು ನೋಡಿಲ್ಲ.
ಆದರೂ ಬುತ್ತಿಯನ್ನು ಮಣ್ಣಗುಡ್ಡೆಯ ಮೇಲಿಟ್ಟು
ಸೀರೆ ಎತ್ತಿ ಕಟ್ಟಿ ನಾನೂ ಇಳಿದೆ.
ತಂಪಿತ್ತು. ಇಬ್ಬರಿಗೇ ಇಕ್ಕಟ್ಟಾಗುವ ಜಾಗ.
ಅಪ್ಪ ಮಣ್ಣಿಗೊತ್ತಿ ಇನ್ನೂ ಸ್ವಲ್ಪ ಸರಿದ,
ಮೂರನೆಯವರಿಗೆಂಬಂತೆ.