ಅಡಿಗಲ್ಲು

ಬೆಳಿಗ್ಗೆ ಆರಕ್ಕೆ ಭವಾನಿಸಾಗರದ ಅಳತೆಗಂಬ ಓದಿ
ಫೋನಿನಲ್ಲಿ ಒಪ್ಪಿಸುತ್ತೇನೆ: ಎಂಬತ್ತೆರಡೂ ಕಾಲು ಅಡಿ.
ಅಡಿ ಅನ್ನುವುದು ತಮಿಳಿನಲ್ಲೂ ಅಡಿಯೇ,
ಅದೊಂದು ಪದಕ್ಕೆ ನಾನು ನಾಲಗೆ ಹೊರಳಿಸಬೇಕಿಲ್ಲ.

ಆಮೇಲೆ ಊರೂರಿನ ಕರೆ.
ಗೋಬಿಯ ಗದ್ದೆಯವರು, ಈರೋಡಿನ ಅರಿಸಿನ ಮಂಡಿಯವರು,
ನೀರು ದಿನಗಟ್ಟಲೆ ನಡೆದು ಮುಟ್ಟುವ
ಕಾಲುವೆಯ ಕಟ್ಟಕಡೆಯ ಊರಿಂದ ಒಬ್ಬಾಕೆ,
ಹೆಸರು ಕೇಳಿಲ್ಲ,
ಮಗಳ ಮದುವೆಯ ತಿಂಗಳು ಗೊತ್ತುಮಾಡಬೇಕಂತೆ.
ಮದಗು ಯಾವಾಗ ಎತ್ತುತ್ತೀರಿ?
ಎತ್ತುವವನು ನಾನಲ್ಲಮ್ಮಾ, ಓದುವವನು.

ಅಜ್ಜಿ ಬೊಮ್ಮಕ್ಕನಿಗೆ ಅಂಕಿ ಬೇಡ.
ಕೋಟೆ ಗೋಡೆ ಕಾಣ್ತದಾ? ಗುಡಿ ಕಳಸ?
ದಣ್ಣಾಯಕನ ಕೋಟೆ ಬಿಟ್ಟಾಗ ಅವಳಿಗೆ ಹದಿನಾರು.
ಗಾಡಿಯಲ್ಲಿ ಕಂಬಳಿ, ಕೋಳಿಪಂಜರ, ತಲೆಬಾಗಿಲಿನ ಎರಡು ರೆಕ್ಕೆ,
ಬಸುರಿ ನಾದಿನಿ.
ಎತ್ತು ಎಳೆಯವು ಎಂದು ಮಾವ
ಬೀಸುಕಲ್ಲಿನ ಮೇಲ್ಗಲ್ಲನ್ನಷ್ಟೇ ಹೇರಿದ.
ಅಡಿಗಲ್ಲಿಗೆ ನಾಳೆ ಬರೋಣ.
ನಾಳೆಗಿಂತ ಮೊದಲು ನೀರು ಬಂತು.

ಅಣೆಕಟ್ಟಿಗೂ ಒಂದು ಅಡಿಗಲ್ಲುಂಟು, ಗೇಟಿನ ಪಕ್ಕ.
ವರ್ಷವರ್ಷದ ಸುಣ್ಣದಡಿ
ಹೆಸರು ಹೂತುಹೋಗಿದೆ.

ನೀರು ತಳಕ್ಕಿಳಿದ ವರ್ಷ
ಸೆಂಬಾನ್ ಹರಿಗೋಲಿನಲ್ಲಿ ಕರೆದೊಯ್ದ.
ಮಂಟಪದ ಮೇಲೆ ಮೀನುಬಲೆ ಒಣಗುತ್ತಿತ್ತು,
ಬೀದಿಯ ಕೆಸರಿನಲ್ಲಿ ಆನೆಹೆಜ್ಜೆ, ಒಳಗೆ ಅಂಗೈಯಷ್ಟು ಆಕಾಶ.
ಅಡಿಗಲ್ಲುಗಳು ಹನ್ನೊಂದು!
ಎಲ್ಲರ ಮಾವಂದಿರೂ ಒಂದೇ ಮಾತು ಹೇಳಿದ್ದರೋ ಏನೋ.

ಮೇಲ್ಗಲ್ಲು ಹೊತ್ತವನು ನಾನು.
ಒಂದೊಂದರ ಮೇಲೂ ಕೂರಿಸಿ, ಗೂಟ ಹಿಡಿದು ತಿರುವಿ,
ಅವಳು ಕಿವಿಗೊಟ್ಟು ಕೇಳಿದಳು.
ನಾಲ್ಕನೆಯದು: ಇದಲ್ಲ, ಹೊನ್ನಿ ಮನೇದು,
ಅವಳ ರಾಗಿಹಿಟ್ಟು ಯಾವತ್ತೂ ತರಿತರಿ.
ಏಳನೆಯದಕ್ಕೆ ಏನೂ ಅನ್ನಲಿಲ್ಲ.
ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ರಾಗಿ ಸುರಿದಳು.
ಹಿಟ್ಟು ಕೆಸರಿಗೆ ಬಿತ್ತು,
ಕೊಕ್ಕರೆಯೊಂದು ಬಂದು ನೋಡಿ ಹೋಯಿತು.

ಎರಡನ್ನೂ ಹರಿಗೋಲಿಗೆ ಹಾಕಲಾ ಎಂದೆ.
ಬೇಡ. ಮೇಲಿನದನ್ನೂ ಬಿಡು.
ನನ್ನ ಬೆನ್ನಿಗೆ ಸಿಟ್ಟು ಬಂತು, ನಿಜ.

ಈಗ ಅವಳೂ ಅಂಕಿ ಕೇಳುತ್ತಾಳೆ:
ಕಲ್ಲಿನ ಮೇಲೆ ಎಷ್ಟು?
ಕಳೆದು ಹೇಳುತ್ತೇನೆ. ಕಚೇರಿಯ ಪುಸ್ತಕದಲ್ಲಿ
ಆ ಕಾಲಂ ಇಲ್ಲ.

ನಿನ್ನೆ ನಾನು ಸ್ನಾನದಲ್ಲಿದ್ದಾಗ
ಕಾಲುವೆ ಕೊನೆಯಾಕೆಯ ಕರೆಗೆ ಅವಳೇ ಓಗೊಟ್ಟಿದ್ದಾಳೆ.
ಆವಣಿಯಲ್ಲೇ ಇಟ್ಕೊ ತಾಯಿ, ನೀರು ಬರ್ತದೆ.
ಇವಳದು ಕನ್ನಡ, ಅವಳದು ತಮಿಳು,
ಮದುವೆ ನಿಶ್ಚಯ.
ಯಾವ ಲೆಕ್ಕದಲ್ಲಿ ಹೇಳಿದೆ ಅಜ್ಜಿ?

ಉಪ್ಪಿನಕಾಯಿ ಜಾಡಿಯ ಮುಚ್ಚಳಕ್ಕೆ
ಹಳೆಯ ಮೇಲ್ಗಲ್ಲಿನ ಜಾಗದಲ್ಲಿ
ಇಟ್ಟಿಗೆ ಇಡುತ್ತಿದ್ದಳು.
ಒಂದು ಸಾಲದೆಂದು ಇನ್ನೊಂದು ಹುಡುಕಲು ಹಿತ್ತಲಿಗೆ ಹೋದಳು.